ಪರ್ಯಾಯದ ಫೋಟೋಗಳು ಕೊನೆಗೂ ಸಾಲಿಗೆ ಬಂದವು

ಉಡುಪಿ ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯದ ಮೆರವಣಿಗೆ ಜನವರಿ 18ರ ನಸುಕಿನಲ್ಲಿ ಜೋಡುಕಟ್ಟೆಯಿಂದ ರಥಬೀದಿಗೆ ಬರುತ್ತದೆ. ನಾನೂ ತಮ್ಮನೂ ಬೇರೆ ಬೇರೆ ಕಡೆ ನಿಂತು ತೆಗೆದ ಫೋಟೋಗಳನ್ನು ಡಿಜಿಕ್ಯಾಮ್ ಎಂಬ ಫೋಟೋ ಜೋಡಿಸುವ ಸಾಫ್ಟ್‌ವೇರ್‌ಗೆ ಹಾಕಿದರೆ, ಅವನವು 17ರ ರಾತ್ರಿ ಹತ್ತೂವರೆಯ ಪಟ್ಟಿಯಲ್ಲಿ ಕೂತಿದ್ದವು. ಮೆರವಣಿಗೆಯೇ ಎರಡು ದಿನಕ್ಕೆ ಹಂಚಿಹೋಗಿತ್ತು.

ತಮ್ಮನ ಹಳೆ ಕ್ಯಾಮೆರಾ ಲಂಡನ್ ಸಮಯದಲ್ಲಿತ್ತು. ಕ್ಯಾಮೆರಾ ಫೋಟೋದೊಳಗೆ ಬರೆಯುವ ಎಕ್ಸಿಫ್ ಮಾಹಿತಿಗೆ ಟೈಮ್ ಜೋನ್‌ನ ಜಾಗ ಸಿಕ್ಕಿದ್ದು 2016ರ 2.31 ಆವೃತ್ತಿಯಲ್ಲಿ. ಅದಕ್ಕಿಂತ ಹಿಂದಿನ ಕ್ಯಾಮೆರಾ ಗಡಿಯಾರದಲ್ಲಿ ಇದ್ದದ್ದನ್ನಷ್ಟೇ ಬರೆಯುತ್ತದೆ.

ಹಾಗಾದರೆ 5.30 ಗಂಟೆ ಕೂಡಿಸಿದರೆ ಆಯ್ತಲ್ಲ? ಆಗಲಿಲ್ಲ. ಇಬ್ಬರಿಗೂ ಸಿಕ್ಕ ಒಂದೇ ಕ್ಷಣ ಹುಡುಕಿದೆ: ಚೆಂಡೆಯವನೊಬ್ಬ ಕೋಲು ಬಾಯಲ್ಲಿ ಕಚ್ಚಿಕೊಂಡು ಮುಂಡಾಸು ಬಿಗಿಯುತ್ತಿದ್ದಾನೆ. ಎಂಥಾ ಚಂದದ ಚಿತ್ರ! ಸೆಕೆಂಡಿನವರೆಗೆ ಹೋಲಿಸಿದಾಗ ವ್ಯತ್ಯಾಸ 5 ಗಂಟೆ 32 ನಿಮಿಷ. ಗಡಿಯಾರ ಎರಡು ನಿಮಿಷ ಹಿಂದೆಯೂ ಬಿದ್ದಿತ್ತು. ಅಷ್ಟು ಸಾಕು, ಪಲ್ಲಕ್ಕಿಯ ಮುಂದೆ ಹೋದ ಸ್ತಬ್ಧಚಿತ್ರ ಹಿಂದೆ ಬರಲು.

ಫೋಲ್ಡರಿನ ಒಂದು ಕಾಪಿ ಇಟ್ಟು, ಕ್ಯಾಮೆರಾ ಮಾಡೆಲ್ ಪ್ರಕಾರ ತಮ್ಮನ ಫೋಟೋಗಳನ್ನಷ್ಟೇ ಆರಿಸಿ, ಸಮಯ ತಿದ್ದುವ ಟೂಲ್‌ನಲ್ಲಿ ಆ ವ್ಯತ್ಯಾಸ ಕೂಡಿಸಿದೆ. ಎಲ್ಲವೂ ಒಂದೇ ಸಲಕ್ಕೆ ಸರಿಯಾದವು. ಆಮೇಲೆಯೇ ದಿನಾಂಕ-ಸಮಯದ ಹೆಸರು ಕೊಟ್ಟೆ. ಮೊದಲೇ ಕೊಟ್ಟರೆ ತಪ್ಪು ಸಮಯವೇ ಹೆಸರಾಗುತ್ತದೆ.

ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೋವಾಗಿ ಬಂದವಕ್ಕೆ ಈ ಉಪಾಯ ನಡೆಯದು, ಎಕ್ಸಿಫ್ ಅಳಿಸಿಹೋಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.