ಪ್ರೈಮರ್ ಹೊಡೆಯುವ ಮುಂಚೆ ಒಂದು ಫೋನ್

ನನ್ನ ಹತ್ತಿರ ಬಾಡಿಗೆಗೆ ಓಡುವ ಮೂರು ಗಾಡಿ ಇವೆ. ಬಾಗಲಕೋಟೆ ನವನಗರದಲ್ಲಿ ಮನೆ. ಎಂಜಿನ್ ಮಿಸ್ತ್ರಿ ಹುಡುಕೋದು ಕಷ್ಟ ಅಲ್ಲ. ಕೆಲಸ ಕೆಟ್ಟಿದ್ದರೆ ಮರುದಿನವೇ ಗೊತ್ತಾಗುತ್ತದೆ. ಡೆಂಟಿಂಗ್-ಪೇಂಟಿಂಗ್ ಹಾಗಲ್ಲ. ಗಾಡಿ ಈಚೆ ಬಂದ ದಿನ ಕನ್ನಡಿ ಹಾಗೆ ಹೊಳೆಯುತ್ತದೆ. ಬಂಡವಾಳ ಬಯಲಾಗುವುದು ಆರು ತಿಂಗಳ ಮೇಲೆ.

ನನಗೆ ಇದು ಅರ್ಥವಾಗಲು ಎರಡು ಗಾಡಿ, ಸುಮಾರು 30 ಸಾವಿರ ರೂಪಾಯಿ ಬೇಕಾಯಿತು.

ಮೊದಲನೆಯದು ಸಿಲ್ವರ್ ಡಿಸೈರ್. ಡಿಸೆಂಬರ್ ರಾತ್ರಿ, ಮುಧೋಳ ದಾಟಿ ಲೋಕಾಪುರ ಕಡೆ ಬರುವಾಗ ಕಬ್ಬಿನ ಟ್ರ್ಯಾಲಿ ಎಡಗಡೆ ಪೂರ್ತಿ ಉಜ್ಜಿಕೊಂಡು ಹೋಯಿತು. ಕಬ್ಬಿನ ಸೀಸನ್‌ನಲ್ಲಿ ನಮ್ಮ ಕಡೆ ಗಾಡಿ ಓಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಟ್ರ್ಯಾಲಿ, ಹಿಂದೆ ಒಂದು ರಿಫ್ಲೆಕ್ಟರ್ ಕೂಡ ಇಲ್ಲ. ಎರಡು ಬಾಗಿಲು, ಹಿಂದಿನ ಚಕ್ರದ ಮೇಲಿನ ತಗಡು (ಕ್ವಾರ್ಟರ್ ಪ್ಯಾನೆಲ್) ಹೋದವು. ಒಂದು ಗ್ಯಾರೇಜ್‌ನವರು 16 ಸಾವಿರಕ್ಕೆ ಒಪ್ಪಿದರು. ಐದೇ ದಿನಕ್ಕೆ ಗಾಡಿ ಕೊಟ್ಟರು. ಬಹಳ ಖುಷಿಯಾಯಿತು. ಮುಂದಿನ ಮಳೆಗಾಲದಲ್ಲಿ ಚೋರ್ಲಾ ಘಾಟ್ ಮೇಲೆ ಗೋವಾಕ್ಕೆ ನಾಲ್ಕೈದು ಬಾಡಿಗೆ ಹೋಯಿತು. ಆಗಸ್ಟ್‌ನಲ್ಲಿ ಬಾಗಿಲ ಕೆಳಗೆ ಹಪ್ಪಳದ ಹಾಗೆ ಗುಳ್ಳೆ ಎದ್ದವು. ಉಗುರಿನಿಂದ ಕೆರೆದರೆ ಪುಟ್ಟಿ ಹೆಂಟೆಯಾಗಿ ಬಂತು, ಹತ್ತಿರ ಹತ್ತಿರ ಅರ್ಧ ಇಂಚು. ತಗಡು ಬಡಿದು ಸರಿ ಮಾಡುವ ಬದಲು ತಗ್ಗಿಗೆ ಪುಟ್ಟಿ ತುಂಬಿದ್ದರು. ಅದರ ಅಡಿ ತಗಡು ಕೆಂಪಗೆ ತುಕ್ಕು ಹಿಡಿದಿತ್ತು.

ಎರಡನೇ ಗಾಡಿಯನ್ನು ಎಲ್ಲರ ಮಾತು ಕೇಳಿ ದೊಡ್ಡ ವರ್ಕ್‌ಶಾಪಿಗೆ ಕೊಟ್ಟೆ, ಇನ್ಶುರೆನ್ಸ್ ಕ್ಲೇಮ್‌ನಲ್ಲಿ. ಬಿಲ್ 40 ಸಾವಿರದ ಆಸುಪಾಸು. ಮಾಮೂಲಿ ಪಾಲಿಸಿಯಲ್ಲಿ ಬಂಪರ್‌ನಂಥ ಪ್ಲಾಸ್ಟಿಕ್ ಸಾಮಾನಿಗೆ ಅರ್ಧ ದುಡ್ಡು ನಮ್ಮದೇ, ಬಣ್ಣದ ಸಾಮಾನಿಗೂ ಕಡಿತ ಇದೆ, ನಿಮಗೆ ಗೊತ್ತಿದ್ದದ್ದೇ. ನನ್ನ ಕೈಯಿಂದ 13-14 ಸಾವಿರ ಹೋಯಿತು. ಜೊತೆಗೆ 35 ಪರ್ಸೆಂಟ್ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಸೊನ್ನೆಯಾಯಿತು. ಬಿಲ್‌ನಲ್ಲಿ ಹೊಸ ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಅಂತ ಬರೆದಿತ್ತು. ಆದರೆ ಗಾಡಿ ಬಿಡುವ ಮುಂಚೆ ಫೆಂಡರ್ ಒಳಗೆ ನಾನು ಹಾಕಿದ್ದ ಗುರುತು ಹಾಗೇ ಇತ್ತು! ಹಳೆಯದನ್ನೇ ಬಡಿದು ಬಣ್ಣ ಹೊಡೆದಿದ್ದರು. ಜಗಳ ಮಾಡಿ ಹೊಸದು ಹಾಕಿಸಿಕೊಂಡೆ. ಅಷ್ಟರಲ್ಲಿ ಎರಡು ವಾರದ ಬಾಡಿಗೆ ಹೋಗಿತ್ತು. ಗುರುತನ್ನು ಎಲ್ಲಿ, ಯಾವುದರಿಂದ ಹಾಕುತ್ತೇನೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಗ್ಯಾರೇಜ್‌ನವರೂ ಓದುತ್ತಾರೆ, ಅಲ್ವಾ?

ಆಮೇಲೆ ನಾನೇ ಒಂದು ಪದ್ಧತಿ ಮಾಡಿಕೊಂಡೆ. ಗ್ಯಾರೇಜ್‌ಗೆ ಹೋಗಿ ರೇಟ್ ಮೊದಲು ಕೇಳೋದಿಲ್ಲ. ಒಂದೇ ಮಾತು: "ಪ್ರೈಮರ್ ಹೊಡೆಯುವ ಮುಂಚೆ ನನಗೆ ಫೋನ್ ಮಾಡಬೇಕು. ನಾನು ಬಂದು ನೋಡಿದ ಮೇಲೇ ಮುಂದಿನ ಕೆಲಸ." ಪುಟ್ಟಿ ಮೇಲೆ ಪ್ರೈಮರ್ ಬಿದ್ದರೆ ಅಡಿಯ ಕೆಲಸ ಕಾಣೋದಿಲ್ಲ.

ನಮ್ಮ ಮಾವ ಕೇಳಿ, "ಹಂಗ ಕರ್ಕೊಂಡು ತೋರ್ಸಾವ್ರು ಯಾರೂ ಇರೂದಿಲ್ಲ, ಸುಮ್ನೆ ಕಂಪನಿಗೆ ಬಿಡು" ಅಂದರು. ಟ್ಯಾಕ್ಸಿ ಸ್ಟ್ಯಾಂಡ್‌ನಲ್ಲೂ ಅದೇ ಮಾತು. ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಉದ್ಯಮಬಾಗ್, ಎಲ್ಲ ಸೇರಿ ಎಂಟೊಂಬತ್ತು ಕಡೆ ಕೇಳಿದೆ. ಬಾಡಿಗೆ ಹೋದಾಗ ಕೇಳಿದ್ದು, ಅದಕ್ಕಂತಲೇ ಡೀಸೆಲ್ ಸುಟ್ಟಿಲ್ಲ. ಒಬ್ಬರು, "ನಾವ್ ಕೆಲಸಾ ಮಾಡೂದಾ, ನಿಮಗ ತೋರಸ್ಕೋತ ಕೂಡೂದಾ?" ಅಂದರು. ಇನ್ನೊಂದು ಕಡೆ ಹೂಂ ಅಂದರು, ಆದರೆ ಫೋನ್ ಬರಲಿಲ್ಲ. ಹೋದಾಗ ಬಣ್ಣವೇ ಮುಗಿದಿತ್ತು. ಪುಣ್ಯಕ್ಕೆ ಅಲ್ಲಿ ಕೊಟ್ಟಿದ್ದು ಪೆಟ್ರೋಲ್ ಮುಚ್ಚಳದ ಸಣ್ಣ ಕೆಲಸ, 800 ರೂಪಾಯಿಯದು. ಹೊಸ ಗ್ಯಾರೇಜ್‌ಗೆ ಯಾವತ್ತೂ ಮೊದಲು ಸಣ್ಣದನ್ನೇ ಕೊಡಿ.

ಕೊನೆಗೆ ವಿಜಯಪುರದಲ್ಲಿ ಒಬ್ಬ ಮಿಸ್ತ್ರಿ ಸಿಕ್ಕ. ಪೇಂಟ್ ಬೂತ್ ಇಲ್ಲ. ಪ್ಲಾಸ್ಟಿಕ್ ಪರದೆ ಕಟ್ಟಿ, ಧೂಳು ಏಳಬಾರದು ಅಂತ ನೆಲಕ್ಕೆ ನೀರು ಹೊಡೆದು ಬಣ್ಣ ಹಾಕುತ್ತಾನೆ. "ಬಂಪರ್‌ಗೆ ಯಾವ ಪ್ರೈಮರ್?" ಅಂತ ಕೇಳಿದೆ. ಪ್ಲಾಸ್ಟಿಕ್ ಪ್ರೈಮರ್ ಡಬ್ಬ ತಂದು ಕೈಗೆ ಕೊಟ್ಟ. ಬಾಗಿಲಿಗೆ ಹೊಡೆಯುವುದನ್ನೇ ಬಂಪರ್‌ಗೂ ಹೊಡೆದರೆ ಪದರ ಪದರ ಎದ್ದು ಬರುತ್ತದೆ. ಬಂಪರ್ ಮೂಲೆ ಒಂದನ್ನು 2,200 ರೂಪಾಯಿಗೆ ಮಾಡಿಸಿದೆ. ಹೇಳಿದ ದಿನ ಫೋನ್ ಬಂತು.

ಆಗ ಡಿಸೈರ್‌ನ ಎಡಗಡೆ ಪೂರ್ತಿ ಬಿಚ್ಚಿಸಿದೆ. ಹಳೇ ಪುಟ್ಟಿ ತೆಗೆದು, ತುಕ್ಕು ಉಜ್ಜಿ, ಬರಿ ತಗಡಿಗೆ ತುಕ್ಕು ತಡೆಯುವ ಎಪಾಕ್ಸಿ ಕೋಟ್ ಹೊಡೆದು, ಪುಟ್ಟಿ ಎಳೆದು ಉಜ್ಜಿದ ಮೇಲೆ ಕರೆದ. ಬಾಗಿಲ ಮಧ್ಯೆ ಪುಟ್ಟಿ ಎಷ್ಟು ತೆಳ್ಳಗಿತ್ತೆಂದರೆ ಅಲ್ಲಲ್ಲಿ ಎಪಾಕ್ಸಿ ಇಣುಕುತ್ತಿತ್ತು. ಮಿಸ್ತ್ರಿ ಜೇಬಿನಿಂದ ತೆಳು ಪಂಚೆ ತುಂಡು ತೆಗೆದು ಬಾಗಿಲ ಮೇಲೆ ಹಾಸಿದ. ಅದರ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಮುಂದಿನಿಂದ ಹಿಂದಕ್ಕೆ ಒಂದೇ ಸಮ ಸವರಿದ. ಹಿಡಿಕೆಯ ಕೆಳಗೆ ಕೈ ನಿಂತಿತು. "ಇಲ್ಲಿ ಐತ್ರಿ ಒಂದ್ ಅಲಿ" ಅಂದ, ಅಂದರೆ ಅಲೆಯಂಥ ಸಣ್ಣ ಉಬ್ಬುತಗ್ಗು. ನನ್ನ ಕೈಗೆ ಏನೂ ಗೊತ್ತಾಗಲಿಲ್ಲ. ಬಟ್ಟೆ ಹಾಕಿ ಮತ್ತೆ ಸವರಿದೆ, ಆಗ ಗೊತ್ತಾಯಿತು. ಬರಿಗೈ ಜಾರಿ ಹೋಗುವಾಗ ಚರ್ಮ ತಡೆಯುತ್ತದೆ, ಬಟ್ಟೆ ಇದ್ದರೆ ತಡೆಯೋದಿಲ್ಲ. ಅವನು ಬ್ಲಾಕ್‌ಗೆ 180 ನಂಬರಿನ ಉಜ್ಜುವ ಪೇಪರ್ ಸುತ್ತಿ ಮತ್ತೆ ಉಜ್ಜಲು ಕೂತ. ಆಗಲೇ ನನಗೆ ಧೈರ್ಯ ಬಂತು.

ದುಡ್ಡಿನ ವಿಷಯ. ಮೊದಲ ಕಂತು ಸಾಮಾನಿಗೆ. ಬಣ್ಣ ನಾನೇ ತಂದುಕೊಡುತ್ತೇನೆ. ಪೇಂಟ್ ಕೋಡ್ ಪ್ಲೇಟ್ ನೋಡಿ ಅಂಗಡಿಯಲ್ಲಿ ಮಿಕ್ಸ್ ಮಾಡಿಸಿದ್ದು, ಬಣ್ಣದ ಮೇಲೆ ಹೊಳಪಿಗೆ ಹೊಡೆಯುವ ಕ್ಲಿಯರ್, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಸೇರಿ 4 ಸಾವಿರದ ಹತ್ತಿರ. ಎರಡನೇ ಕಂತು ಗಾಡಿ ಎತ್ತುವ ದಿನ. ಕೊನೆಯ 2 ಸಾವಿರ ಒಂದೂವರೆ ತಿಂಗಳ ಮೇಲೆ. ಥಿನ್ನರ್ ಪೂರ್ತಿ ಆರಿದ ಮೇಲೇ ಪುಟ್ಟಿ ಕುಗ್ಗಿ ಪೇಪರ್ ಗೀರು ಮೇಲೆ ಕಾಣೋದು. ಮಿಸ್ತ್ರಿ ಇದಕ್ಕೂ ಒಪ್ಪಿದ. ಒಟ್ಟು 19 ಸಾವಿರ ಆಯಿತು. ಸಿಲ್ವರ್ ಶೇಡ್ ಕೂಡಿಸೋದು ಎಷ್ಟು ಕಷ್ಟ ಅಂತ ಗೊತ್ತಲ್ಲ. ಅವನು ಪಕ್ಕದ ಫೆಂಡರ್‌ಗೂ ಸ್ವಲ್ಪ ಹಾಯಿಸಿ ಬ್ಲೆಂಡ್ ಮಾಡಿದ. ಸಂಜೆ ಐದರ ಓರೆ ಬಿಸಿಲಲ್ಲಿ ನಿಲ್ಲಿಸಿ ನೋಡಿದೆ. ಯಾವ ಬಾಗಿಲು ಮಾಡಿದ್ದು ಅಂತ ನನ್ನ ಡ್ರೈವರ್‌ಗೂ ಹೇಳಲಾಗಲಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಗುಜರಿಯಿಂದ 600 ರೂಪಾಯಿಗೆ ಹಳೇ ಬಾನೆಟ್ ತಂದು ಮೂರು ಭಾಗ ಮಾಡಿದೆ. ಒಂದಕ್ಕೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ, ಒಂದಕ್ಕೆ ಒಂದೇ ಕೋಟ್ ಪಿಯು (ಪಾಲಿಯುರೆಥೇನ್) ಕ್ಲಿಯರ್, ಇನ್ನೊಂದಕ್ಕೆ ಎರಡು ಕೋಟ್. ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟೆ, ನಮ್ಮ ಬೇಸಿಗೆ ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ನಾಲ್ಕು ತಿಂಗಳಿಗೆ ಎನ್‌ಸಿ ಸುಣ್ಣ ಬಳಿದ ಹಾಗಾಯಿತು. ಎರಡು ಕೋಟಿನದು ಇನ್ನೂ ಮುಖ ತೋರಿಸುತ್ತದೆ. ಥಿನ್ನರ್ ಬಟ್ಟೆಯಿಂದ ಒರೆಸಿದರೆ ಎನ್‌ಸಿ ಬಣ್ಣ ಬಟ್ಟೆಗೆ ಬರುತ್ತದೆ, ಆರಿದ ಪಿಯು ಬರೋದಿಲ್ಲ. ಈಗ ಸೆಕೆಂಡ್‌ಹ್ಯಾಂಡ್ ಗಾಡಿ ನೋಡಲು ಹೋದಾಗಲೂ ಬಾಗಿಲ ಒಳಮೂಲೆಯಲ್ಲಿ ಇದನ್ನೇ ಮಾಡುತ್ತೇನೆ. ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಹಿಡಿಯೋದೂ ಇದೆ. ಪುಟ್ಟಿ ದಪ್ಪ ಇದ್ದಲ್ಲಿ ಜಾರಿ ಬೀಳುತ್ತದೆ.

ಡಿಸೈರ್ ಎರಡು ಮಳೆಗಾಲ ಕಳೆದಿದೆ, ಎರಡೂ ಸಲ ಚೋರ್ಲಾ ಮೇಲೇ. ಒಂದು ಗುಳ್ಳೆ ಇಲ್ಲ. ಉಳಿದ ಎರಡು ಗಾಡಿಯೂ ಅಲ್ಲೇ ಮಾಡಿಸಿದೆ. ಹೋದ ವಾರ ನಮ್ಮ ಮಾವ ತಮ್ಮ ಗಾಡಿಯನ್ನೂ ಅಲ್ಲಿಗೇ ಬಿಟ್ಟರು. ಪುಟ್ಟಿ ಮುಗಿದ ದಿನ ಮಿಸ್ತ್ರಿ ಅವರಿಗೆ ಫೋನ್ ಮಾಡಿದ್ದಾನೆ. ಅವರು ಬೆಳಿಗ್ಗೆ ಏಳಕ್ಕೇ ನಮ್ಮ ಮನೆಗೆ ಬಂದು, ಪಂಚೆ ತುಂಡು ಯಾವ ಬಟ್ಟೆಯದು ಅಂತ ಕೇಳಿದರು.