‘ಮ್ಯಾಸಿವ್’ ಎದುರಾದರೆ ಕನ್ನಡದಲ್ಲಿ ಏನು ಬರೆಯಬೇಕು?

ಇಂಗ್ಲಿಷಿನ ‘ಮ್ಯಾಸಿವ್’ (massive) ಕಂಡೊಡನೆ ‘ಬೃಹತ್’ ಎಂದು ಬರೆದು ಮುಂದೆ ಹೋಗಬೇಡಿ. ಅದು ಯಾವ ನಾಮಪದಕ್ಕೆ ಅಂಟಿಕೊಂಡಿದೆ, ಬರಹ ಯಾವ ಕ್ಷೇತ್ರದ್ದು ಎಂಬ ಎರಡನ್ನೂ ಮೊದಲು ನೋಡಿ.

ಸುದ್ದಿಯಲ್ಲಿ ಕೆಲಸ ಸುಲಭ: ರ‍್ಯಾಲಿ ‘ಬೃಹತ್’, ನಷ್ಟ ಮತ್ತು ಭೂಕುಸಿತ ‘ಭಾರಿ’. ಕಲ್ಲುಕಂಬ, ಕೋಟೆಬಾಗಿಲುಗಳ ವರ್ಣನೆಯಲ್ಲಿ ಗಾತ್ರದ ಜೊತೆಗೆ ತೂಕವೂ ಸೇರಿರುತ್ತದೆ. ಅಲ್ಲಿ ಬರೀ ‘ದೊಡ್ಡ’ ಸಾಲದು, ‘ದಪ್ಪನೆಯ, ಭಾರವಾದ’ ಎನ್ನಿ. ಚಿನ್ನಬೆಳ್ಳಿಯ ಸಾಮಾನಿನ ಹಳೆಯ ವಿವರಣೆಯಲ್ಲಾದರೆ ಟೊಳ್ಳೂ ಅಲ್ಲದ, ಬರೀ ಲೇಪವೂ ಅಲ್ಲದ ಗಟ್ಟಿ ಲೋಹ ಎಂದರ್ಥ.

ಎಡವುವುದು ವಿಜ್ಞಾನದಲ್ಲಿ. ಭೌತಶಾಸ್ತ್ರದಲ್ಲಿ ‘ಮ್ಯಾಸಿವ್’ ಎಂದರೆ ದ್ರವ್ಯರಾಶಿ ಇರುವುದು, ಅಷ್ಟೇ. ಎಲೆಕ್ಟ್ರಾನ್ ಕೂಡ ಮ್ಯಾಸಿವ್, ಬೆಳಕಿನ ಕಣವಾದ ಫೋಟಾನ್ ಅಲ್ಲ. ‘ಮ್ಯಾಸಿವ್ ನ್ಯೂಟ್ರಿನೊ’ವನ್ನು ‘ಬೃಹತ್ ನ್ಯೂಟ್ರಿನೊ’ ಮಾಡಿದರೆ ನಗೆಪಾಟಲು, ಏಕೆಂದರೆ ನ್ಯೂಟ್ರಿನೊ ಎಂಬ ಆ ಸೂಕ್ಷ್ಮ ಕಣದ ದ್ರವ್ಯರಾಶಿ ಎಲೆಕ್ಟ್ರಾನಿನದಕ್ಕಿಂತಲೂ ಎಷ್ಟೋ ಪಾಲು ಕಡಿಮೆ. ‘ದ್ರವ್ಯರಾಶಿಯುಳ್ಳ’ ಎಂದೇ ಬರೆಯಿರಿ. ಒಂದು ನಕ್ಷತ್ರ ಇನ್ನೊಂದಕ್ಕಿಂತ ‘ಮೋರ್ ಮ್ಯಾಸಿವ್’ ಎಂದಿದ್ದರೆ ವ್ಯಾಸದ ಮಾತಲ್ಲ; ನ್ಯೂಟ್ರಾನ್ ನಕ್ಷತ್ರದ ಅಡ್ಡಳತೆ ಸುಮಾರು 20 ಕಿ.ಮೀ., ದ್ರವ್ಯರಾಶಿ ಸೂರ್ಯನಿಗಿಂತಲೂ ಹೆಚ್ಚಿರಬಹುದು.

ಭೂವಿಜ್ಞಾನಿಗೆ ‘ಮ್ಯಾಸಿವ್’ ಎಂದರೆ ಪದರ, ಪಟ್ಟೆಗಳಿಲ್ಲದ ಏಕರೂಪದ ಶಿಲೆ. ಅಂಗೈಯಗಲದ ಕಲ್ಲೂ ಮ್ಯಾಸಿವ್ ಆದೀತು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಅಷ್ಟು ದೊಡ್ಡದಾದರೂ ಪಟ್ಟೆಗಳಿರುವ ನೈಸ್ ಶಿಲೆಯಾದ್ದರಿಂದ ಈ ಅರ್ಥಕ್ಕೆ ಒಗ್ಗುವುದಿಲ್ಲ.

ವೈದ್ಯಕೀಯದಲ್ಲಿ ಪದದ ಹಿಂದೆ ಅಳತೆ ಇರಬಹುದು. 24 ಗಂಟೆಯಲ್ಲಿ 10 ಅಥವಾ ಹೆಚ್ಚು ಯೂನಿಟ್ ಕೆಂಪು ರಕ್ತಕಣ ಕೊಡುವುದು ‘ಮ್ಯಾಸಿವ್ ಟ್ರಾನ್ಸ್‌ಫ್ಯೂಷನ್’ನ ಹಳೆಯ, ಈಗಲೂ ಬಳಕೆಯಲ್ಲಿರುವ ವ್ಯಾಖ್ಯೆ. ಶ್ವಾಸಕೋಶದ ರಕ್ತನಾಳ ಕಟ್ಟಿಕೊಂಡಾಗ ‘ಮ್ಯಾಸಿವ್’ ಎನ್ನುವುದು ಹೆಪ್ಪಿನ ಗಾತ್ರ ನೋಡಿ ಅಲ್ಲ, ಸಿಸ್ಟೋಲಿಕ್ ರಕ್ತದೊತ್ತಡ (ಎರಡು ಅಂಕಿಗಳಲ್ಲಿ ಮೇಲಿನದು) 90ಕ್ಕಿಂತ ಕೆಳಗಿಳಿದು ಅಲ್ಲೇ ನಿಂತಿತೇ ಎಂಬುದರ ಮೇಲೆ. ಇಂಥ ಕಡೆ ‘ದೊಡ್ಡ ಹೆಪ್ಪು’ ಎಂದು ಬರೆದರೆ ತಪ್ಪು ಮಾಹಿತಿಯೇ ಆಗುತ್ತದೆ. ‘ಮ್ಯಾಸಿವ್’ ಹೃದಯಾಘಾತಕ್ಕೆ ಪತ್ರಿಕೆಗಳು ಬರೆಯುವ ‘ತೀವ್ರ’ ಸರಿಯಾಗಿಯೇ ಇದೆ.

ನೀವೇ ಇಂಗ್ಲಿಷಿನಲ್ಲಿ ಬರೆಯುವಾಗ ಎರಡು ಎಚ್ಚರ. ಮರುಭೂಮಿ, ಬಯಲುಗಳ ಹರವಿಗೆ ‘ವಾಸ್ಟ್’ ಹೊಂದುತ್ತದೆ, ‘ಮ್ಯಾಸಿವ್’ ಅಲ್ಲ. ಮಾತುಕತೆಯ ಧಾಟಿಯಲ್ಲಿ ‘ಮ್ಯಾಸಿವ್’ ಹಿಂದೆ ‘ವೆರಿ’ಗಿಂತ ‘ಆಬ್ಸಲ್ಯೂಟ್ಲಿ’ ಸಹಜ. ನಕ್ಷತ್ರಗಳ ವಿಷಯದಲ್ಲಿ ಮಾತ್ರ ‘ವೆರಿ ಮ್ಯಾಸಿವ್’ ಎಂದು ಧಾರಾಳವಾಗಿ ಬರೆಯಬಹುದು.