ಇಂಟರ್ನೆಟ್ ಕಂಪನಿಗೆ ನಮ್ಮ ಓಡಾಟ ಕಾಣದಂತೆ ಮಾಡಿಕೊಳ್ಳುವ ಬಗೆ

ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ತಗುಲಿದಾಗ ಬೋರ್ಡೋ ದ್ರಾವಣದ ಅಳತೆಯನ್ನು ಮೊಬೈಲಿನಲ್ಲಿ ಹುಡುಕಿದರೆ, ಸಂಜೆಯೊಳಗೆ ಮೈಲುತುತ್ತ, ಔಷಧಿ ಹೊಡೆಯುವ ಪಂಪು, ದೋಟಿ ಇವುಗಳ ಜಾಹೀರಾತು ಕಣ್ಣೆದುರು ಬಂದು ನಿಲ್ಲುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳವರೆಗೂ ಫೈಬರ್ ಕೇಬಲ್ ಬಂದ ಮೇಲೆ, ನೆಟ್ ಕೊಟ್ಟ ಕಂಪನಿಯೇ ನಾವು ನೋಡಿದ್ದನ್ನೆಲ್ಲ ಬರೆದಿಟ್ಟುಕೊಂಡು ಮಾರುತ್ತಿದೆಯೇ ಎಂಬ ಅನುಮಾನ ಹಲವರಲ್ಲಿ ಮೂಡಿದೆ. ಈ ಬಗೆಯ ಜಾಹೀರಾತುಗಳಲ್ಲಿ ಬಹುಪಾಲು ಬರುವುದು ಹುಡುಕಾಟದ ಮತ್ತು ಸಾಮಾಜಿಕ ಜಾಲತಾಣಗಳ ಕಂಪನಿಗಳಿಂದಲೇ ಹೊರತು ನೆಟ್ ಪೂರೈಸುವವರಿಂದಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಆದರೂ ಆ ಅನುಮಾನವನ್ನು ತಳ್ಳಿಹಾಕುವಂತಿಲ್ಲ. ಒಂದು ಜಾಲತಾಣ ಹಿಡಿಸದಿದ್ದರೆ ಅದನ್ನು ಬಿಡಬಹುದು, ಆದರೆ ನೆಟ್ ಪೂರೈಸುವವನನ್ನು ದಾಟದೆ ಯಾವ ಜಾಲತಾಣಕ್ಕೂ ಹೋಗುವಂತಿಲ್ಲ. ಊರಿಗೆ ಒಂದೇ ಫೈಬರ್ ಬಂದಿರುವ ನಮ್ಮ ಘಟ್ಟದ ಹಳ್ಳಿಗಳಲ್ಲಿ ಕಂಪನಿಯನ್ನು ಬದಲಿಸುವ ಮಾತೂ ಬಾಯಿಮಾತೇ.

ಹಿಂದೆ ನಡೆದದ್ದನ್ನು ನೋಡಿದರೆ ಈ ಅನುಮಾನಕ್ಕೆ ಕಾರಣ ತಿಳಿಯುತ್ತದೆ. ಬ್ರಿಟನ್ನಿನ ಬಿಟಿ ಕಂಪನಿಯು 2006 ಮತ್ತು 2007ರಲ್ಲಿ ಫೋರ್ಮ್ ಎಂಬ ಜಾಹೀರಾತು ಸಂಸ್ಥೆಯ ಜೊತೆ ಸೇರಿ ತನ್ನ ಗ್ರಾಹಕರ ಜಾಲತಾಣ ಭೇಟಿಗಳನ್ನು ಅವರಿಗೆ ತಿಳಿಸದೆಯೇ ಪರೀಕ್ಷಾರ್ಥವಾಗಿ ಗಮನಿಸಿತ್ತು. ಅದು 2008ರಲ್ಲಿ ಬಯಲಾಗಿ ಭಾರಿ ಗದ್ದಲವೆದ್ದು, ಮರುವರ್ಷ ಕಂಪನಿ ಆ ಯೋಜನೆಯನ್ನು ಕೈಬಿಟ್ಟಿತು. ಅಮೆರಿಕದ ವೆರೈಝನ್ ತನ್ನ ಮೊಬೈಲ್ ಗ್ರಾಹಕರ ಕೋರಿಕೆಗಳಿಗೆ ಅಳಿಸಲಾಗದ ಗುರುತುಸಂಖ್ಯೆಯೊಂದನ್ನು ಅಂಟಿಸುತ್ತಿದ್ದುದಕ್ಕೆ 2016ರಲ್ಲಿ 13.5 ಲಕ್ಷ ಡಾಲರ್ ದಂಡ ತೆತ್ತಿತು. ಅದೇ ವರ್ಷ ಅಲ್ಲಿನ ದೂರಸಂಪರ್ಕ ಆಯೋಗ ಗ್ರಾಹಕರ ಒಪ್ಪಿಗೆ ಕಡ್ಡಾಯಗೊಳಿಸಿ ತಂದ ನಿಯಮವನ್ನು 2017ರಲ್ಲಿ ಸಂಸತ್ತೇ ರದ್ದು ಮಾಡಿತು. ನಮ್ಮಲ್ಲಿ 2015ರ ಜೂನ್‌ನಲ್ಲಿ ಬೆಂಗಳೂರಿನ ಪ್ರೋಗ್ರಾಮರ್ ಒಬ್ಬರು, ಏರ್‌ಟೆಲ್ 3ಜಿ ಸಂಪರ್ಕದಲ್ಲಿ ತೆರೆದ ಪುಟಗಳೊಳಗೆ ಮೂಲದಲ್ಲಿಲ್ಲದ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಮಿನ ತುಣುಕು) ಒಂದು ದಾರಿಯಲ್ಲಿ ಸೇರಿಕೊಳ್ಳುತ್ತಿರುವುದನ್ನು ಪತ್ತೆಹಚ್ಚಿ ಬಹಿರಂಗಪಡಿಸಿದರು. ಗ್ರಾಹಕರಿಗೆ ಡೇಟಾ ಬಳಕೆಯ ಲೆಕ್ಕ ತಿಳಿಸಲು ಅದನ್ನು ಹಾಕಿದ್ದೆಂದು ಕಂಪನಿ ವಿವರಣೆ ಕೊಟ್ಟಿತು. ಉದ್ದೇಶ ಏನೇ ಇದ್ದರೂ, ದಾರಿಯಲ್ಲಿರುವವನು ಬೀಗವಿಲ್ಲದ, ಅಂದರೆ ಗೂಢಲಿಪಿಯ ರಕ್ಷಣೆಯಿಲ್ಲದ, ಪುಟಕ್ಕೆ ಕೈಹಾಕಬಲ್ಲ ಎಂಬುದಂತೂ ಆ ಪ್ರಕರಣದಿಂದ ಎಲ್ಲರಿಗೂ ತಿಳಿಯಿತು.

ಈಗ ಕಂಪನಿಗೆ ನಿಜಕ್ಕೂ ಏನು ಕಾಣುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಇಲ್ಲವಾದರೆ ಮಾಡುವ ಕೆಲಸವೆಲ್ಲ ಕತ್ತಲಲ್ಲಿ ಕೈಯಾಡಿಸಿದಂತಾಗುತ್ತದೆ. ವಿಳಾಸದ ಮೊದಲಿಗೆ ಎಚ್‌ಟಿಟಿಪಿಎಸ್ ಎಂದಿರುವ, ಅಂದರೆ ಬೀಗ ಹಾಕಿದ, ತಾಣಗಳಲ್ಲಿ ನೀವು ಓದುವ ಪುಟ, ಬರೆಯುವ ಮಾತು, ಹಾಕುವ ಪಾಸ್‌ವರ್ಡ್ ಯಾವುದೂ ಕಂಪನಿಗೆ ತಿಳಿಯುವುದಿಲ್ಲ. ತಾಣದ ಹೆಸರು, ಹೋದ ಹೊತ್ತು, ಬಳಸಿದ ಡೇಟಾ ಇವು ತಿಳಿಯುತ್ತವೆ. ಶಿರಸಿಯಿಂದ ಕುಮಟೆಗೆ ಹೋಗುವ ಬಸ್ಸಿನ ಕಂಡಕ್ಟರನಿಗೆ ನೀವು ಯಾವ ನಿಲ್ದಾಣದಲ್ಲಿ ಇಳಿದಿರಿ ಎಂಬುದು ಗೊತ್ತು, ಇಳಿದ ಮೇಲೆ ಯಾರ ಮನೆಗೆ ಹೋಗಿ ಏನು ಮಾತಾಡಿದಿರಿ ಎಂಬುದು ಗೊತ್ತಿಲ್ಲ. ಹಾಗೆಂದು ಹೆಸರಷ್ಟೇ ತಾನೇ ಎಂದು ಹಗುರಾಗಿ ಕಾಣುವಂತೆಯೂ ಇಲ್ಲ. ಬಂಜೆತನ ಚಿಕಿತ್ಸೆಯ ಆಸ್ಪತ್ರೆಯ ತಾಣ, ಚಿನ್ನದ ಮೇಲೆ ಸಾಲ ಕೊಡುವ ತಾಣ, ವಧೂವರರ ತಾಣ ಇವುಗಳ ಹೆಸರುಗಳನ್ನು ಒಂದು ತಿಂಗಳು ಸಾಲಾಗಿ ಜೋಡಿಸಿದರೆ ಒಂದು ಕುಟುಂಬದ ಒಳಗುಟ್ಟು ತಾನಾಗಿಯೇ ಹೊರಬೀಳುತ್ತದೆ.

ಮೊದಲ ಕೆಲಸ ಸುಲಭದ್ದು. ಕ್ರೋಮ್ ಬಳಸುವವರು ಸೆಟ್ಟಿಂಗ್ಸ್‌ನ ಪ್ರೈವಸಿ ಮತ್ತು ಸೆಕ್ಯುರಿಟಿ ವಿಭಾಗದಲ್ಲಿ ಯಾವಾಗಲೂ ಸುರಕ್ಷಿತ ಸಂಪರ್ಕವನ್ನೇ ಬಳಸುವ ಆಯ್ಕೆಯನ್ನೂ, ಫೈರ್‌ಫಾಕ್ಸ್ ಬಳಸುವವರು ಎಚ್‌ಟಿಟಿಪಿಎಸ್ ಓನ್ಲಿ ಎಂಬ ಆಯ್ಕೆಯನ್ನೂ ಚಾಲೂ ಮಾಡಬೇಕು. ಆ ಮೇಲೆ ಬೀಗವಿಲ್ಲದ ತಾಣವೊಂದು ಎದುರಾದರೆ ಬ್ರೌಸರ್ ತಡೆದು ಕೇಳುತ್ತದೆ. ಸುಮ್ಮನೆ ಓದುವುದಾದರೆ ಮುಂದುವರಿಯಿರಿ, ಏನನ್ನಾದರೂ ತುಂಬಬೇಕಿದ್ದರೆ ಹಿಂದೆ ಬನ್ನಿ.

ಹೆಚ್ಚು ಗಮನ ಕೊಡಬೇಕಾದದ್ದು ಡಿಎನ್‌ಎಸ್ ಎಂಬ ವ್ಯವಸ್ಥೆಗೆ. ನೀವು ತಾಣದ ಹೆಸರು ಬರೆದಾಗ ಆ ಹೆಸರಿನ ಅಂಕಿಯ ವಿಳಾಸ ಯಾವುದೆಂದು ಫೋನು ಮೊದಲು ಒಂದು ಸರ್ವರನ್ನು ಕೇಳುತ್ತದೆ. ಯಾವ ಬದಲಾವಣೆಯನ್ನೂ ಮಾಡದ ಮನೆಗಳಲ್ಲಿ ಆ ಸರ್ವರ್ ನೆಟ್ ಕಂಪನಿಯದೇ ಆಗಿರುತ್ತದೆ, ಕೇಳುವ ಪ್ರಶ್ನೆಯೂ ಸಾಮಾನ್ಯವಾಗಿ ಬಿಚ್ಚುಬರಹದಲ್ಲಿರುತ್ತದೆ. ನಿಮ್ಮ ಮನೆಯವರು ಹೋದ ತಾಣಗಳ ಪಟ್ಟಿ ಬೇಕಿದ್ದವರಿಗೆ ಇದಕ್ಕಿಂತ ಸುಲಭದ ಜಾಗ ಇನ್ನೊಂದಿಲ್ಲ. ನಿಮ್ಮ ಕಂಪನಿ ಇದನ್ನು ಜಾಹೀರಾತಿಗೆ ಬಳಸುತ್ತಿದೆಯೇ ಎಂದು ನೋಡಲು ಒಂದು ಸಣ್ಣ ಪರೀಕ್ಷೆಯಿದೆ: ಎಲ್ಲೂ ಇರಲಾರದಂತಹ ಒಂದು ತಾಣದ ಹೆಸರನ್ನು ಎಚ್‌ಟಿಟಿಪಿ ಎಂದು ಮೊದಲಿಟ್ಟು ಬ್ರೌಸರಿನಲ್ಲಿ ಬರೆಯಿರಿ. ತಾಣ ಸಿಗಲಿಲ್ಲ ಎಂದು ಬ್ರೌಸರೇ ಹೇಳಿದರೆ ಸರಿ. ಅದರ ಬದಲು ಜಾಹೀರಾತು ತುಂಬಿದ ಪುಟವೊಂದು ತೆರೆದುಕೊಂಡರೆ, ನಿಮ್ಮ ತಪ್ಪು ಬರಹವನ್ನೂ ಯಾರೋ ಕಾಸು ಮಾಡಿಕೊಳ್ಳುತ್ತಿದ್ದಾರೆಂದು ತಿಳಿಯಬೇಕು.

ಇದಕ್ಕೆ ಪರಿಹಾರ, ಆ ಪ್ರಶ್ನೆಯನ್ನು ಗೂಢಲಿಪಿಯಲ್ಲಿ ಬೇರೊಂದು ಸರ್ವರಿಗೆ ಕಳಿಸುವುದು. ಆಂಡ್ರಾಯ್ಡ್ 9 ಮತ್ತು ಆಮೇಲಿನ ಫೋನುಗಳಲ್ಲಿ ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ಮತ್ತು ಇಂಟರ್ನೆಟ್ ಎಂಬಲ್ಲಿಗೆ ಹೋದರೆ ಪ್ರೈವೇಟ್ ಡಿಎನ್‌ಎಸ್ ಎಂಬುದು ಸಿಗುತ್ತದೆ. ಕೆಲವು ಫೋನುಗಳಲ್ಲಿ ಇದು ಕನೆಕ್ಷನ್ ಎಂಬ ಹೆಸರಿನ ವಿಭಾಗದ ಒಳಗೆ ಅಡಗಿರುವುದರಿಂದ, ಸೆಟ್ಟಿಂಗ್ಸ್‌ನ ಹುಡುಕುಪಟ್ಟಿಯಲ್ಲಿ ಡಿಎನ್‌ಎಸ್ ಎಂದು ಬರೆದು ಹುಡುಕುವುದೇ ಬೇಗದ ದಾರಿ. ಅಲ್ಲಿ ಆಫ್, ಆಟೋಮ್ಯಾಟಿಕ್, ಹೋಸ್ಟ್‌ನೇಮ್ ಎಂಬ ಮೂರು ಆಯ್ಕೆಗಳಿರುತ್ತವೆ. ಆಟೋಮ್ಯಾಟಿಕ್ ಇದ್ದರೆ ಪ್ರಶ್ನೆ ಹೋಗುವುದು ಕಂಪನಿಯ ಸರ್ವರಿಗೇ ಆದ್ದರಿಂದ ಅದರಿಂದ ನಮ್ಮ ಕೆಲಸ ಆಗದು. ಮೂರನೆಯದನ್ನು ಆರಿಸಿ, ಖಾಲಿ ಜಾಗದಲ್ಲಿ ಒನ್ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕು ಸಲ, ನಡುನಡುವೆ ಚುಕ್ಕೆಯಿಟ್ಟು, ಎಡೆ ಬಿಡದೆ ಬರೆದು ಸೇವ್ ಮಾಡಿ. ಇದು ಕ್ಲೌಡ್‌ಫ್ಲೇರ್ ಕಂಪನಿ 2018ರಲ್ಲಿ ಆರಂಭಿಸಿದ 1.1.1.1 ಸೇವೆಯ ಹೆಸರು. ಸ್ವಿಟ್ಜರ್ಲೆಂಡಿನ ಲಾಭರಹಿತ ಸಂಸ್ಥೆ ಕ್ವಾಡ್9 ಬೇಕೆನ್ನುವವರು ಡಿಎನ್‌ಎಸ್ ಡಾಟ್ ಕ್ವಾಡ್9 ಡಾಟ್ ನೆಟ್ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಬಹುದು. ಕೇಡಿನ ತಾಣಗಳನ್ನು ತಡೆಯುವ ಗುಣವೂ ಅದಕ್ಕಿರುವುದರಿಂದ ಮನೆಯ ಹಿರಿಯರ ಫೋನಿಗೆ ನಾನು ಅದನ್ನೇ ಹಾಕಿಕೊಡುತ್ತೇನೆ. ಗೂಗಲ್‌ಗೂ ಇಂತಹ ಸೇವೆಯಿದೆ, ಅದರ ದಾಖಲೆಯನ್ನು ಜಾಹೀರಾತಿಗೆ ಬಳಸುವುದಿಲ್ಲವೆಂದು ಅದು ಹೇಳಿಯೂ ಇದೆ. ಆದರೆ ಜಾಹೀರಾತಿನ ಕಾಟಕ್ಕೆ ಬೇಸತ್ತು ಜಾಹೀರಾತಿನ ಅತಿದೊಡ್ಡ ಕಂಪನಿಯ ಬಾಗಿಲಿಗೇ ಹೋಗುವುದು ನನಗೆ ಸರಿಕಾಣುವುದಿಲ್ಲ. ಯಾವ ಸೇವೆಯನ್ನು ಆರಿಸಿದರೂ ತಾಣಗಳ ಹೆಸರು ಇನ್ನು ಮುಂದೆ ಅವರಿಗೆ ಗೊತ್ತಾಗುತ್ತದೆ ಎಂಬುದನ್ನು ಮರೆಯಬಾರದು. ನಂಬಿಕೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುತ್ತಿದ್ದೇವೆ, ಅಷ್ಟೇ.

ವಿಂಡೋಸ್ 11ರಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್‌ನೊಳಗೆ ನಿಮ್ಮ ಸಂಪರ್ಕದ ಪ್ರಾಪರ್ಟೀಸ್ ತೆರೆದು, ಡಿಎನ್‌ಎಸ್ ಎದುರಿನ ಎಡಿಟ್ ಒತ್ತಿ, ಮ್ಯಾನ್ಯುಯಲ್ ಆರಿಸಿ, 1.1.1.1 ಅಥವಾ 9.9.9.9 ಎಂದು ತುಂಬಿ, ಅದರ ಕೆಳಗಿನ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಎಂಬುದನ್ನು ಆನ್ ಮಾಡಬೇಕು. ಐಫೋನಿನವರಿಗೆ 1.1.1.1 ಸೇವೆಯ ಆಪ್ ಹಾಕಿಕೊಳ್ಳುವುದೇ ಸುಲಭ. 1.1.1.1 ಸೇವೆ ಆರಿಸಿದವರು ಬ್ರೌಸರಿನಲ್ಲಿ ಅದೇ ಅಂಕಿಗಳನ್ನು ಬರೆದು, ಓರೆಗೆರೆ ಹಾಕಿ, ಹೆಲ್ಪ್ ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ, ಗೂಢಲಿಪಿ ನಡೆಯುತ್ತಿದೆಯೇ ಇಲ್ಲವೇ ಎಂಬುದನ್ನು ತೋರಿಸುವ ಪುಟ ಬರುತ್ತದೆ. ಲಾಡ್ಜಿನ ವೈಫೈಯಲ್ಲಿ ಲಾಗಿನ್ ಪುಟವೇ ತೆರೆಯದಿದ್ದರೆ ಪ್ರೈವೇಟ್ ಡಿಎನ್‌ಎಸ್ಸನ್ನು ತುಸು ಹೊತ್ತು ಆಫ್ ಮಾಡಿ, ಒಳಹೊಕ್ಕ ಮೇಲೆ ಮತ್ತೆ ಹಚ್ಚಿಕೊಳ್ಳಬೇಕು.

ಅನೇಕ ಕಡೆ ಕೊಡುವ ಒಂದು ಸಲಹೆಯನ್ನು ಇಲ್ಲಿ ತಿದ್ದಬೇಕಿದೆ. ಮನೆಯ ಮೋಡೆಮ್‌ನಲ್ಲಿ ಡಿಎನ್‌ಎಸ್ ಅಂಕಿ ಬದಲಿಸಿದರೆ ಎಲ್ಲ ಸಾಧನಗಳಿಗೂ ಒಮ್ಮೆಲೇ ರಕ್ಷಣೆ ಸಿಗುತ್ತದೆ ಎನ್ನುತ್ತಾರೆ. ಸರ್ವರೇನೋ ಬದಲಾಗುತ್ತದೆ, ಆದರೆ ಕಂಪನಿಗಳು ಕೊಡುವ ಸಾಮಾನ್ಯ ಮೋಡೆಮ್‌ಗಳು ಆ ಪ್ರಶ್ನೆಯನ್ನು ಗೂಢಲಿಪಿಯಿಲ್ಲದೆ 53ನೇ ಪೋರ್ಟಿನ ಮೂಲಕವೇ ಕಳಿಸುತ್ತವೆ. ದಾರಿಯಲ್ಲಿರುವ ಕಂಪನಿ ಅದನ್ನು ಓದಬಹುದು, ತನ್ನ ಸರ್ವರಿಗೇ ತಿರುಗಿಸಿಕೊಳ್ಳಲೂಬಹುದು. ಟಿವಿಯಂತಹ ಸಾಧನಗಳಿಗೆ ಬೇರೆ ದಾರಿಯಿಲ್ಲದ ಕಾರಣ ಮೋಡೆಮ್‌ನಲ್ಲಿಯೂ ಬದಲಿಸಿಡಿ, ಆದರೆ ಫೋನು ಮತ್ತು ಕಂಪ್ಯೂಟರುಗಳಲ್ಲಿ ಒಂದೊಂದಾಗಿ ಮಾಡುವ ಕೆಲಸವನ್ನು ಬಿಡಬೇಡಿ. ನಮ್ಮ ಕಡೆಯ ಇನ್ನೊಂದು ತಾಪತ್ರಯವೆಂದರೆ ಸಿಡಿಲು. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗಿದ ಕೂಡಲೇ ಎಲ್ಲರೂ ಮೋಡೆಮ್ಮಿನ ವೈರು ಕಿತ್ತಿಡುತ್ತಾರೆ. ಫೈಬರಿನಲ್ಲಿ ವಿದ್ಯುತ್ ಹರಿಯದಿದ್ದರೂ ಕರೆಂಟಿನ ಅಡಾಪ್ಟರಿನ ಮೂಲಕ ಬಂದು ಮೋಡೆಮ್ ಸುಡುತ್ತದೆ. ಸುಟ್ಟದ್ದನ್ನು ಬದಲಿಸಿ ಲೈನ್‌ಮನ್ ಹೊಸದನ್ನು ಹಾಕಿಕೊಟ್ಟು ಹೋದಾಗ ನೀವು ತುಂಬಿದ ಅಂಕಿಗಳೆಲ್ಲ ಹೋಗಿ ಕಂಪನಿಯ ಸರ್ವರೇ ಮರಳಿ ಕೂತಿರುತ್ತದೆ. ಆದ್ದರಿಂದ ಮೋಡೆಮ್ ಬದಲಾದಾಗಲೆಲ್ಲ, ಅದರ ತಳದ ಚೀಟಿಯಲ್ಲಿರುವ ವಿಳಾಸವನ್ನು, ಸಾಮಾನ್ಯವಾಗಿ 192.168.1.1 ಎಂಬುದನ್ನು, ಬ್ರೌಸರಿನಲ್ಲಿ ತೆರೆದು ಮತ್ತೊಮ್ಮೆ ನೋಡಿಕೊಳ್ಳಬೇಕು. ಹಾಗೆಯೇ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಿಬಿಡಿ.

ಗೋಕರ್ಣ, ಮುರ್ಡೇಶ್ವರದ ಕಡೆ ಹೋಮ್‌ಸ್ಟೇ ನಡೆಸುವವರು ಇನ್ನೂ ಒಂದನ್ನು ಗಮನಿಸಬೇಕು. ಬಂದ ಅತಿಥಿಗಳಿಗೆಲ್ಲ ಮನೆಯ ವೈಫೈ ಪಾಸ್‌ವರ್ಡನ್ನೇ ಕೊಟ್ಟರೆ ಅವರು ನೋಡಿದ್ದೆಲ್ಲ ಕಂಪನಿಯ ಲೆಕ್ಕದಲ್ಲಿ ನಿಮ್ಮ ಹೆಸರಿಗೆ ಸೇರುತ್ತದೆ. ಗೆಸ್ಟ್ ನೆಟ್‌ವರ್ಕ್ ಮಾಡಿದರೆ ಮನೆಯ ಸಾಧನಗಳು ಅತಿಥಿಗಳಿಂದ ಬೇರೆಯಾಗುತ್ತವೆ, ಆದರೆ ಹೆಸರು ಆಗಲೂ ನಿಮ್ಮದೇ. ವ್ಯಾಪಾರ ದೊಡ್ಡದಿದ್ದರೆ ಅತಿಥಿಗಳಿಗೆ ಬೇರೆ ಸಂಪರ್ಕ ಪಡೆಯುವುದೇ ಲೇಸು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಕಿಂಡಿ ಉಳಿಯುತ್ತದೆ. ಸುರಕ್ಷಿತ ಸಂಪರ್ಕ ಆರಂಭವಾಗುವ ಮೊದಲ ಗಳಿಗೆಯಲ್ಲಿ ತಾಣದ ಹೆಸರು ಬಿಚ್ಚಾಗಿ ಹೋಗುತ್ತದೆ. ಅದನ್ನು ಮುಚ್ಚುವ ಇಸಿಎಚ್ ಎಂಬ ತಂತ್ರವನ್ನು ಕ್ರೋಮ್ ಮತ್ತು ಫೈರ್‌ಫಾಕ್ಸ್ 2023ರಿಂದ ಬೆಂಬಲಿಸುತ್ತಿದ್ದರೂ ತಾಣದವರೂ ಅದನ್ನು ಅಳವಡಿಸಿಕೊಂಡಿರಬೇಕು. ಪೂರ್ತಿ ಮರೆಯಾಗಲೇಬೇಕೆಂದರೆ ನಮ್ಮ ಓಡಾಟವನ್ನೆಲ್ಲ ಗೂಢಲಿಪಿಯಲ್ಲಿ ತನ್ನ ಸರ್ವರಿನ ಮೂಲಕ ಸಾಗಿಸುವ ವಿಪಿಎನ್ ಸೇವೆ ಬೇಕು, ಮತ್ತು ಅಲ್ಲಿಯೇ ಜನ ಎಡವುವುದು. ಪುಕ್ಕಟೆ ವಿಪಿಎನ್ ಹಾಕಿಕೊಳ್ಳುವುದಕ್ಕಿಂತ ಸುಮ್ಮನಿರುವುದು ಮೇಲು. ಫೇಸ್‌ಬುಕ್ 2013ರಲ್ಲಿ ಕೊಂಡ ಒನಾವೋ ಎಂಬ ಪುಕ್ಕಟೆ ವಿಪಿಎನ್, ರಕ್ಷಣೆಯ ಹೆಸರಿನಲ್ಲಿ ಬಳಕೆದಾರರ ಮಾಹಿತಿಯನ್ನು ಆ ಕಂಪನಿಯ ವ್ಯಾಪಾರಕ್ಕಾಗಿ ಕೂಡಿಹಾಕುತ್ತಿತ್ತು. ಆಸ್ಟ್ರೇಲಿಯದ ನ್ಯಾಯಾಲಯ 2023ರಲ್ಲಿ ಅದಕ್ಕಾಗಿ 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಹಣ ಕೊಟ್ಟು ಕೊಳ್ಳುವವರು ಸಹ, ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಆದೇಶಿಸಿದ ಮೇಲೆ ಕೆಲವು ಹೆಸರಾಂತ ವಿಪಿಎನ್ ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನು ತೆಗೆದವೆಂಬುದನ್ನು ತಿಳಿದಿರಬೇಕು. ಅಡಿಕೆ ಧಾರಣೆ ನೋಡುವ, ಮಕ್ಕಳ ಆನ್‌ಲೈನ್ ಪಾಠ ನಡೆಯುವ ಸಾಧಾರಣ ಮನೆಗೆ ಗೂಢಲಿಪಿಯ ಡಿಎನ್‌ಎಸ್ ಸಾಕೆಂದೇ ನನ್ನ ಅಭಿಪ್ರಾಯ.

ಇನ್‌ಕಾಗ್ನಿಟೋ ಕಿಟಕಿ ನಿಮ್ಮ ಭೇಟಿಗಳನ್ನು ಮನೆಯವರಿಂದ ಮರೆಮಾಡುತ್ತದೆ, ಕಂಪನಿಯಿಂದ ಅಲ್ಲ. 1909ಕ್ಕೆ ಹೇಳಿ ಮಾಡಿಸಿಕೊಳ್ಳುವ ಡಿಎನ್‌ಡಿ ಜಾಹೀರಾತಿನ ಕರೆ, ಮೆಸೇಜುಗಳಿಗೆ ಸಂಬಂಧಿಸಿದ್ದೇ ಹೊರತು ಜಾಲತಾಣ ಭೇಟಿಗಳಿಗಲ್ಲ.

ಕೊನೆಯ ಕೆಲಸ ಕಾಗದದ್ದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು; ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಧಿ ಕೊಡಲಾಗಿದೆ. ಆ ಕಾಯ್ದೆಯಂತೆ ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಬಹುದು, ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿಯೂ, ಕೇಳಿ ಪಡೆಯಬಹುದು. 18 ವರ್ಷದೊಳಗಿನವರ ಜಾಡು ಹಿಡಿದು ಜಾಹೀರಾತು ತೋರಿಸುವುದನ್ನೂ ಅದು ನಿಷೇಧಿಸುತ್ತದೆ. ಅವಧಿ ಮುಗಿಯಲಿ ಎಂದು ಕಾಯದೆ, ಮೊದಲು ಕಂಪನಿಯ ಆಪ್ ತೆರೆದು ಪ್ರೊಫೈಲ್ ಅಥವಾ ಪ್ರೈವಸಿ ವಿಭಾಗದಲ್ಲಿ ವೈಯಕ್ತೀಕರಿಸಿದ ಜಾಹೀರಾತು, ಪಾಲುದಾರರೊಂದಿಗೆ ಮಾಹಿತಿ ಹಂಚಿಕೆ ಎಂಬ ಗುಂಡಿಗಳಿದ್ದರೆ ಆಫ್ ಮಾಡಿ, ಆಮೇಲೆ ಕಂಪನಿಯ ಗ್ರಾಹಕ ಸೇವೆಯ ಇಮೇಲಿಗೆ ಹೀಗೆ ಬರೆಯಿರಿ:

"ನನ್ನ ಸಂಪರ್ಕದ ಮೂಲಕ ನಡೆಯುವ ಜಾಲತಾಣ ಭೇಟಿಗಳ ವಿವರವನ್ನು ಜಾಹೀರಾತು, ಮಾರಾಟ ಪ್ರಚಾರ ಅಥವಾ ಮೂರನೆಯವರೊಂದಿಗೆ ಹಂಚಿಕೆಗಾಗಿ ಬಳಸಲು ನಾನು ಈ ಹಿಂದೆ ಯಾವುದೇ ರೂಪದಲ್ಲಿ ಒಪ್ಪಿಗೆ ಕೊಟ್ಟಿದ್ದರೆ ಅದನ್ನು ಈ ಮೂಲಕ ಹಿಂಪಡೆಯುತ್ತೇನೆ. ಈ ಉದ್ದೇಶಗಳಿಗಾಗಿ ನನ್ನ ಯಾವ ಮಾಹಿತಿಯನ್ನು ಇಟ್ಟುಕೊಂಡಿದ್ದೀರಿ, ಯಾರಿಗೆ ಕೊಟ್ಟಿದ್ದೀರಿ ಎಂಬುದನ್ನು ಕನ್ನಡದಲ್ಲಿ ತಿಳಿಸಬೇಕಾಗಿ ಕೋರುತ್ತೇನೆ."

ಪರವಾನಗಿಯ ಷರತ್ತಿನಂತೆ ಭದ್ರತೆಯ ಕಾರಣಕ್ಕೆ ಕಂಪನಿ ಕನಿಷ್ಠ 2 ವರ್ಷ ಇಡಬೇಕಾದ ಸಂಪರ್ಕ ದಾಖಲೆಗಳನ್ನು ಈ ಪತ್ರದಿಂದ ಅಳಿಸಲಾಗುವುದಿಲ್ಲ. ಅದನ್ನೇ ನೆಪ ಮಾಡಿ ಜಾಹೀರಾತಿನ ಪ್ರಶ್ನೆಗೆ ಉತ್ತರಿಸದೆ ಬಿಟ್ಟರೆ ಎರಡೂ ಬೇರೆ ಬೇರೆ ವಿಷಯಗಳೆಂದು ಮತ್ತೆ ಬರೆಯಿರಿ. ಊರಿನಲ್ಲಿ ಬಿಲ್ಲಿನ ಹಣ ವಸೂಲಿ ಮಾಡುವ ಸ್ಥಳೀಯ ಏಜೆಂಟರ ಬಳಿ ಬಾಯಿಮಾತಿನಲ್ಲಿ ಹೇಳಿದರೆ ಅದು ದೂರು ಎನಿಸಿಕೊಳ್ಳುವುದಿಲ್ಲ, ಅವರ ಕೈಯಲ್ಲಿ ಇದೇನೂ ಇಲ್ಲ. ಕಂಪನಿಯ ದೂರು ಕೇಂದ್ರದಿಂದ ಡಾಕೆಟ್ ಸಂಖ್ಯೆ, ಅಂದರೆ ದೂರಿನ ನೋಂದಣಿ ಸಂಖ್ಯೆ, ಪಡೆದು ಬರೆದಿಟ್ಟುಕೊಳ್ಳಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2012ರಲ್ಲಿ ತಂದ ದೂರು ಪರಿಹಾರ ನಿಯಮಾವಳಿಯಂತೆ ಪ್ರತಿ ಕಂಪನಿಯೂ ಮೇಲ್ಮನವಿ ಪ್ರಾಧಿಕಾರವನ್ನು ಇಟ್ಟುಕೊಂಡಿರಬೇಕು, ಅಲ್ಲಿಗೆ ಹೋಗುವಾಗ ಮೊದಲು ಕೇಳುವುದೇ ಆ ಸಂಖ್ಯೆಯನ್ನು.